ಮೇಷ್ಟ್ರ ನೆನಪಿಗೊಂದು ಕಛೇರಿ: ಮೊದಲು ಹಳೇ ನೋಟ್‌ಬುಕ್ ಹುಡುಕಿ

ಸಂಗೀತದ ಮೇಷ್ಟ್ರು ತೀರಿಕೊಂಡ ವಾರದೊಳಗೆ ಶಿಷ್ಯರದೊಂದು ವಾಟ್ಸ್‌ಆ್ಯಪ್ ಗುಂಪು ಹುಟ್ಟಿಕೊಳ್ಳುತ್ತದೆ. ಶಿವಮೊಗ್ಗದ ರಾಗಿಗುಡ್ಡದಲ್ಲೇ ಉಳಿದವರು, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಿಂದ ಬಸ್ಸು ಹತ್ತಿ ಪಾಠಕ್ಕೆ ಬರುತ್ತಿದ್ದವರು, ಮದುವೆಯಾಗಿ ಬೆಂಗಳೂರು ಸೇರಿದವರು, ಅಮೆರಿಕದಿಂದ ನಮ್ಮ ಬೆಳಗಿನ ಜಾವಕ್ಕೆ ಮೆಸೇಜ್ ಹಾಕುವವರು ಎಲ್ಲ ಅದರೊಳಗೆ ಬಂದು ಸೇರುತ್ತಾರೆ. ನಾಲ್ಕು ದಿನ ಹಳೇ ಫೋಟೊಗಳು ಓಡಾಡುತ್ತವೆ. ಐದನೇ ದಿನ ಯಾರೋ ಒಬ್ಬರು ‘ಒಂದು ಕಾರ್ಯಕ್ರಮ ಮಾಡೋಣ’ ಅನ್ನುತ್ತಾರೆ. ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ಯಾರನ್ನ ಕರೆಸೋಣ?’

ದಾರಿ ತಪ್ಪುವುದು ಇಲ್ಲೇ. ದೊಡ್ಡ ಹೆಸರಿನ ವಿದ್ವಾಂಸರೊಬ್ಬರನ್ನು ಕರೆಸಿದರೆ ಸಭಾಂಗಣ ತುಂಬುತ್ತದೆ, ಕಛೇರಿಯೂ ಚೆನ್ನಾಗಿಯೇ ಆಗುತ್ತದೆ. ಆದರೆ ಅದು ಆ ವಿದ್ವಾಂಸರ ಕಛೇರಿ. ಗೋಡೆಗೆ ಒರಗಿಸಿಟ್ಟ ಫೋಟೊದಲ್ಲಿರುವವರು ಯಾರು, ಏನು ಹಾಡುತ್ತಿದ್ದರು, ಹೇಗೆ ಗದರುತ್ತಿದ್ದರು ಅನ್ನುವುದು ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಊರಿನ ಸಂಗೀತ ಶಿಕ್ಷಕರು ಬಿಟ್ಟುಹೋಗುವ ಆಸ್ತಿ ಒಂದೇ, ಪಾಠಾಂತರ. ಕ್ಯಾಸೆಟ್ ಕಂಪನಿ ಅವರ ಮನೆಗೆ ಬಂದಿರುವುದಿಲ್ಲ, ಅವರ ಮೇಲೆ ಪುಸ್ತಕ ಬಂದಿರುವುದಿಲ್ಲ. ಜೂನಿಯರ್ ಪರೀಕ್ಷೆಗೆ ಕಲಿಸಿದ ವರ್ಣ, ಗೌರಿಹಬ್ಬಕ್ಕೆಂದು ಹೇಳಿಕೊಟ್ಟ ದೇವರನಾಮ, ತಮ್ಮ ಗುರುಗಳಿಂದ ಬಂದದ್ದು ಎಂದು ಜೋಪಾನ ಮಾಡಿದ್ದ ಒಂದೆರಡು ಸಂಗತಿ, ಇಷ್ಟೇ. ಹಾಗಾಗಿ ಮೊದಲು ಕೇಳಬೇಕಾದ್ದು ಮೇಷ್ಟ್ರು ಏನೇನು ಕಲಿಸಿದ್ದರು, ಅದು ಈಗ ಯಾರ ಬಾಯಲ್ಲಿದೆ ಎಂದು. (ಮೇಷ್ಟ್ರು ಅಂತ ಬರೆಯುತ್ತಿದ್ದೇನೆ. ನಡುಮನೆಯಲ್ಲಿ ಚಾಪೆ ಹಾಸಿ, ಒಲೆ ಮೇಲಿನ ಹಾಲಿನ ಕಡೆಗೊಂದು ಕಣ್ಣಿಟ್ಟು ಕಲಿಸಿದ ಟೀಚರಮ್ಮಂದಿರಿಗೂ ಇದೆಲ್ಲ ಹಾಗೇ ಅನ್ವಯ.)

ಕುಂದಗೋಳದವರು ಮಾಡಿದ್ದು

ಕರ್ನಾಟಕದಲ್ಲೇ ಇದಕ್ಕೊಂದು ಒಳ್ಳೆಯ ಮೇಲ್ಪಂಕ್ತಿ ಇದೆ. ಧಾರವಾಡ ಜಿಲ್ಲೆಯ ಕುಂದಗೋಳ ಸಣ್ಣ ಊರು. ಸವಾಯಿ ಗಂಧರ್ವ ಎಂದು ಹೆಸರಾದ ರಾಮಭಾವು ಕುಂದಗೋಳಕರ (1886–1952) ಅಲ್ಲಿನವರು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯ. ಅವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರು. ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಇದ್ದು, ನೀರು ಹೊತ್ತು ಕಲಿತರು. ಗುರು ತೀರಿಕೊಂಡ ಮೇಲೆ ಪುಣ್ಯತಿಥಿಯ ಸಂಗೀತ ಕುಂದಗೋಳದ ನಾಡಿಗೇರ ವಾಡೆಯಲ್ಲಿ ನಡೆಯತೊಡಗಿತು. ಗಂಗೂಬಾಯಿ ಅದಕ್ಕೆ ಬೆನ್ನೆಲುಬಾಗಿ ನಿಂತರು. ಅಬ್ದುಲ್ ಕರೀಂ ಖಾನರು ಕುಂದಗೋಳಕ್ಕೆ ಬಂದಾಗ ತಂಗುತ್ತಿದ್ದ ವಾಡೆಯೇ ಅದು. ಅತ್ತ ಪುಣೆಯಲ್ಲಿ ಭೀಮಸೇನ ಜೋಶಿ 1953ರಲ್ಲಿ ಶುರುಮಾಡಿದ ಉತ್ಸವ ಬೆಳೆದು ದೇಶದ ದೊಡ್ಡ ಸಂಗೀತೋತ್ಸವಗಳಲ್ಲಿ ಒಂದಾಯಿತು. ಕುಂದಗೋಳದ್ದು ಕುಂದಗೋಳದ ಅಳತೆಯಲ್ಲೇ ಉಳಿಯಿತು.

ನಾವು ಅನುಕರಿಸಬೇಕಾದ್ದು ಕುಂದಗೋಳದ್ದನ್ನು. ಅದನ್ನು ಶಿಷ್ಯರೇ ನಡೆಸಿದರು, ಗುರುವಿನ ಊರಿನಲ್ಲೇ ನಡೆಸಿದರು, ಆ ಸಂಗೀತದ ನಂಟಿದ್ದ ಜಾಗದಲ್ಲೇ ನಡೆಸಿದರು. ಬೆಂಗಳೂರಿನಲ್ಲಿ ಪಿಟೀಲು ಚೌಡಯ್ಯನವರ ನೆನಪಿಗೆ 1980ರಲ್ಲಿ ಪಿಟೀಲಿನ ಆಕಾರದ ಸಭಾಭವನವನ್ನೇ ಕಟ್ಟಿದರು, ನಿಜ. ರಾಗಿಗುಡ್ಡದ ಶಿಷ್ಯರು ಆ ಮಟ್ಟಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಶಿಷ್ಯರ ನಡುವೆ ಜಗಳ ಬಂದರೆ ಗಾಬರಿಯಾಗಬೇಡಿ. ತಿರುವೈಯಾರಿನ ತ್ಯಾಗರಾಜರ ಆರಾಧನೆಯೇ ಬಹಳ ಕಾಲ ಪಂಗಡಗಳಾಗಿ ಬೇರೆಬೇರೆ ನಡೆಯುತ್ತಿತ್ತು, ಹೆಂಗಸರಿಗಂತೂ ಅಲ್ಲಿ ಹಾಡುವ ಅವಕಾಶವೇ ಇರಲಿಲ್ಲ. ನಂಜನಗೂಡಿನ ಕಡೆಯವರಾದ ಬೆಂಗಳೂರು ನಾಗರತ್ನಮ್ಮ ಸ್ವಂತ ದುಡ್ಡು ಹಾಕಿ ಸಮಾಧಿಗೆ ಗುಡಿ ಕಟ್ಟಿಸಿ, ಹೆಂಗಸರನ್ನು ಕೂರಿಸಿ ಹಾಡಿಸಿದರು. ಪಂಗಡಗಳು ಒಂದಾಗುವ ಹೊತ್ತಿಗೆ 1940 ಬಂದಿತ್ತು. ನಮ್ಮಲ್ಲಿ ಜಗಳ ಹುಟ್ಟುವುದು ಯಾರು ಮೊದಲು, ಯಾರು ಕೊನೆಗೆ ಅನ್ನುವಲ್ಲಿ. ಪಾಠಕ್ಕೆ ಸೇರಿದ ವರ್ಷದ ಪ್ರಕಾರ ಹಾಡಿಸಿಬಿಡಿ. ಅದಕ್ಕೆ ಎದುರು ಮಾತಾಡುವುದು ಕಷ್ಟ.

ನೋಟ್‌ಬುಕ್ಕು, ಕ್ಯಾಸೆಟ್ಟು, ಆಕಾಶವಾಣಿ

ಕಾರ್ಯಕ್ರಮಕ್ಕೆ ಐದಾರು ತಿಂಗಳಿರುವಾಗಲೇ ಮನೆಯವರನ್ನು ಕಂಡು ಮಾತಾಡಿ. ಅವರ ಒಪ್ಪಿಗೆ ಇಲ್ಲದೆ ಪೋಸ್ಟರ್ ಮಾಡಿ ಹಂಚುವುದು ಸಲ್ಲ. ಆಮೇಲೆ ಕೇಳಿ, ಸ್ವರಸಾಹಿತ್ಯ ಬರೆದಿಟ್ಟ ನೋಟ್‌ಬುಕ್ ಇದೆಯೇ? ಇದ್ದರೆ ಹೊರಗೆ ಒಯ್ಯಬೇಡಿ. ಹಗಲು ಬೆಳಕಿನಲ್ಲಿ, ಅವರ ಮನೆಯಲ್ಲೇ ಕೂತು, ಒಂದೊಂದು ಪುಟವನ್ನೂ ಫೋನಿನಲ್ಲಿ ತೆಗೆದು, ಪುಟದ ಸಂಖ್ಯೆ ಕೊಟ್ಟು, ಒಂದು ಪ್ರತಿ ಮನೆಯವರಿಗೂ ಕೊಡಿ. ಶಿಷ್ಯರ ನೋಟ್‌ಬುಕ್‌ಗಳೂ ಅಷ್ಟೇ ಮುಖ್ಯ. ಎಷ್ಟೋ ಮೇಷ್ಟ್ರು ತಾವು ಏನೂ ಬರೆದಿಡದೆ ಮಕ್ಕಳ ಕೈಲೇ ಬರೆಸುತ್ತಿದ್ದರು.

ಇವೆಲ್ಲ ಒಟ್ಟಾದಾಗ ಒಂದು ತಮಾಷೆ ಕಾಣುತ್ತದೆ. 1980ರ ದಶಕದವರಿಗೆ ಕಲಿಸಿದ ಕೃತಿಗೂ 2005ರವರಿಗೆ ಕಲಿಸಿದ ಅದೇ ಕೃತಿಗೂ ಸಂಗತಿಗಳೇ ಬೇರೆ. ‘ನಮ್ಮದು ಸರಿ, ನಿಮ್ಮದು ತಪ್ಪು’ ಎಂದು ವಾದ ಶುರುವಾಗುತ್ತದೆ. ಎರಡೂ ಸರಿಯೇ. ಕಲಿಸುವವರು ಕಲಿಯುತ್ತಲೂ ಇರುತ್ತಾರೆ. ರೇಡಿಯೊದಲ್ಲಿ ಕೇಳಿದ್ದು ಬಂದು ಸೇರುತ್ತದೆ, ವಯಸ್ಸಾದಂತೆ ದನಿ ಏರದ ಕಡೆ ಸಂಗತಿ ಸಣ್ಣದಾಗುತ್ತದೆ. ನನ್ನನ್ನು ಕೇಳಿದರೆ ಅದೇ ಕೃತಿಯನ್ನು ಎರಡು ಬ್ಯಾಚಿನವರಿಂದಲೂ ಒಂದರ ಹಿಂದೊಂದು ಹಾಡಿಸಬೇಕು. ಹೊರಗಿನಿಂದ ಬಂದ ಯಾವ ವಿದ್ವಾಂಸರೂ ಮೇಷ್ಟ್ರನ್ನು ಇಷ್ಟು ಚೆನ್ನಾಗಿ ತೋರಿಸಲಾರರು.

ಕ್ಯಾಸೆಟ್ ಸಿಕ್ಕಿದರೆ ಖುಷಿಯಲ್ಲಿ ತಕ್ಷಣ ಟೇಪ್‌ರೆಕಾರ್ಡರ್‌ಗೆ ಹಾಕಬೇಡಿ. ಮಲೆನಾಡಿನ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿದಿರುತ್ತದೆ. ಹಾಗೇ ಓಡಿಸಿದರೆ ಟೇಪು ಸಿಕ್ಕಿಕೊಳ್ಳುತ್ತದೆ, ಬೂಷ್ಟು ಯಂತ್ರಕ್ಕೂ ಹರಡುತ್ತದೆ. ಹಳೇ ಟೇಪುಗಳನ್ನು ಡಿಜಿಟಲ್‌ಗೆ ಇಳಿಸುವವರ ಕೈಗೆ ಕೊಟ್ಟು, ಮೊದಲ ಸಲ ಓಡಿಸುವಾಗಲೇ ಪ್ರತಿ ಮಾಡಿಸಿ.

ಇನ್ನು ಭದ್ರಾವತಿ. ಉಕ್ಕು ಮತ್ತು ಕಾಗದದ ಊರು ಅನ್ನುತ್ತೇವೆ, ಆದರೆ ಸುತ್ತಲಿನ ಜಿಲ್ಲೆಗಳ ಹಾಡುಗಾರರಿಗೆ 1965ರಿಂದ ಅದು ಆಕಾಶವಾಣಿಯ ಊರು. ಅಲ್ಲಿ ಆಡಿಷನ್ ಪಾಸಾಗಿ ‘ಬಿ’ ಗ್ರೇಡ್ ಸಿಕ್ಕಿದರೆ ಬೀದಿಗೆಲ್ಲ ಸುದ್ದಿ. ನಿಮ್ಮ ಮೇಷ್ಟ್ರು ಅಲ್ಲಿ ಹಾಡಿದ್ದರೆ ಪ್ರಸಾರದ ತಿಂಗಳು-ವರ್ಷವನ್ನು ಹಳೇ ಕಾಂಟ್ರ್ಯಾಕ್ಟ್ ಕಾಗದದಲ್ಲಿ ನೋಡಿಕೊಂಡು, ನಿಲಯಕ್ಕೆ ಮನೆಯವರ ಹೆಸರಿನಲ್ಲಿ ಪತ್ರ ಕೊಡಿ. ತುಂಬಾ ಆಸೆ ಇಟ್ಟುಕೊಳ್ಳಬೇಡಿ. ಟೇಪು ಅಳಿಸಿ ಮತ್ತೆ ಬಳಸುವುದು ಆಗಿನ ರೂಢಿ. ಒಂದು ವೇಳೆ ಸಿಕ್ಕಿದರೆ, ಕಾರ್ಯಕ್ರಮದ ನಡುವೆ ಅವರ ದನಿ ಮೂರೇ ನಿಮಿಷ ಕೇಳಿಸಿ ನಿಲ್ಲಿಸಿ.

ಯಾವ ದಿನ, ಯಾವ ಜಾಗ

ತಿಥಿ ಮನೆಯವರಿಗಿರಲಿ, ಭಾನುವಾರ ನೀವು ತೆಗೆದುಕೊಳ್ಳಿ. ವರ್ಷಾಬ್ದಿಕದ ದಿನವೇ ಕಛೇರಿ ಇಟ್ಟರೆ ಮನೆಯವರು ಪುರೋಹಿತರನ್ನು ನೋಡಿಕೊಳ್ಳಬೇಕೋ ಮೈಕ್‌ನವರನ್ನೋ? ತಿಥಿ ಕಳೆದು ಬರುವ ಭಾನುವಾರ ಸಾಕು. ಆ ಕಾಲ ಅನುಕೂಲವಿಲ್ಲದಿದ್ದರೆ ಬೇರೆ ತಿಂಗಳಿಗೆ ಹಾಕಿದರೂ ತಪ್ಪಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ಶಿವಮೊಗ್ಗದ ಮಳೆಗಾಲ. ತಗಡಿನ ಮಾಡಿದ್ದರೆ ಶ್ರುತಿಪೆಟ್ಟಿಗೆಯ ದನಿಯೂ ಕೇಳದು. ಮಾರ್ಚ್ ಪರೀಕ್ಷೆಯ ಕಾಲ. ಏಪ್ರಿಲ್, ಮೇನಲ್ಲಿ ಮದುವೆ ಛತ್ರ ಸಿಗುವುದಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸ ಇದಕ್ಕೆ ಹೇಳಿ ಮಾಡಿಸಿದ್ದು. ಮದುವೆ ಇಲ್ಲ, ಮಳೆ ಇಲ್ಲ, ಛತ್ರಗಳು ಖಾಲಿ, ಬಾಡಿಗೆ ಚೌಕಾಸಿ ಮಾಡಬಹುದು, ಹೊರದೇಶದವರು ಕ್ರಿಸ್‌ಮಸ್ ರಜೆಗೆ ಊರಿಗೆ ಬಂದಿರುತ್ತಾರೆ.

ಜಾಗದ ವಿಷಯದಲ್ಲಿ ಆಸೆ ಚಿಕ್ಕದಿರಲಿ. ಕುವೆಂಪು ರಂಗಮಂದಿರದಂಥ ದೊಡ್ಡ ಕಡೆ ಇನ್ನೂರು ಜನ ಕೂತರೆ ಖಾಲಿ ಕುರ್ಚಿಗಳೇ ಕಾಣುತ್ತವೆ. 1930ರಲ್ಲಿ ಶುರುವಾದ ಕರ್ನಾಟಕ ಸಂಘದಂಥ ಸಂಸ್ಥೆಯ ಸಭಾಂಗಣ, ಬಡಾವಣೆಯ ಶಾಲೆ, ಸಮುದಾಯ ಭವನ ಸಾಕು. ಎಲ್ಲ ಜಾತಿ-ಮತದ ಮಕ್ಕಳಿಗೆ ಕಲಿಸಿದ ಮೇಷ್ಟ್ರಾದರೆ, ಎಲ್ಲರೂ ಸಂಕೋಚವಿಲ್ಲದೆ ಕಾಲಿಡುವ ಜಾಗ ಆರಿಸಿ. ಅಬ್ದುಲ್ ಕರೀಂ ಖಾನರ ನೆನಪಿಗೆ ಮೀರಜ್ ದರ್ಗಾದ ಉರುಸಿನಲ್ಲಿ ಹಾಡುವವರ ಜಾತಿಯನ್ನು ಯಾರೂ ಕೇಳುವುದಿಲ್ಲ. ರಾಗಿಗುಡ್ಡದಂಥ ಊರಂಚಿನ ಬಡಾವಣೆಯಲ್ಲಿ ಮಾಡುವುದಾದರೆ ಸಂಜೆ ನಾಲ್ಕಕ್ಕೇ ಶುರುಮಾಡಿ, ಎಂಟರೊಳಗೆ ಮಂಗಳ ಹಾಡಿ. ಬಸ್ಸು ತಪ್ಪುತ್ತದೆಂಬ ಚಿಂತೆ ಹೊಕ್ಕವರಿಗೆ ತನಿ ಆವರ್ತನ ಕೇಳಿಸುವುದಿಲ್ಲ.

ಬಯಲಿನಲ್ಲಿ ಶಾಮಿಯಾನ ಹಾಕಿದರೆ ಪೊಲೀಸ್ ಠಾಣೆಯಿಂದ ಧ್ವನಿವರ್ಧಕದ ಅನುಮತಿ ಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಹಾಕುವಂತಿಲ್ಲ. ಆಸ್ಪತ್ರೆ, ಶಾಲೆ-ಕಾಲೇಜು, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಜನವಸತಿಯಲ್ಲಿ ಹಗಲಿನ ಮಿತಿಯೇ 55 ಡೆಸಿಬಲ್. ಸಂಗೀತಕ್ಕೆ ಅಷ್ಟು ಜೋರು ಬೇಕಾಗಿಯೂ ಇಲ್ಲ.

ಏನು ಹಾಡುವುದು

ಶುರುವಿಗೆ ಸರಳೆ. ಹೌದು, ಮಾಯಾಮಾಳವಗೌಳದ ಸರಳೆ ವರಸೆ, ಮೂರು ಕಾಲದಲ್ಲಿ, ಸಭೆಯಲ್ಲಿರುವ ಶಿಷ್ಯರೆಲ್ಲ ಎದ್ದು ನಿಂತು.

ಇದಕ್ಕೆ ಕಾರಣವಿದೆ. ಯಾವ ಮೇಷ್ಟ್ರ ಶಿಷ್ಯರ ಪಟ್ಟಿ ನೋಡಿದರೂ ವಿದ್ವತ್ ಮುಗಿಸಿದವರು ಬೆರಳೆಣಿಕೆ. ಮಿಕ್ಕವರೆಲ್ಲ ಅಲಂಕಾರದಲ್ಲೋ ಗೀತೆಯಲ್ಲೋ ನಿಲ್ಲಿಸಿದವರು, ಎಸ್ಸೆಸ್ಸೆಲ್ಸಿ ಬಂತೆಂದು ಬಿಟ್ಟವರು, ಅಪ್ಪನಿಗೆ ವರ್ಗವಾಗಿ ಹೋದವರು. ಅವರನ್ನು ಬರೀ ಕುರ್ಚಿ ತುಂಬಿಸಲು ಕರೆಯುವುದು ಅನ್ಯಾಯ. ಆ ಮನೆಯಿಂದ ಎಲ್ಲರೂ ತಪ್ಪದೆ ಒಯ್ದ ಪಾಠ ಸರಳೆಯೊಂದೇ. ಮಾಯಾಮಾಳವಗೌಳದಲ್ಲಿ ಪಾಠ ಶುರುಮಾಡುವ ಕ್ರಮವನ್ನೂ ಮಲಹರಿಯ ಪಿಳ್ಳಾರಿ ಗೀತೆಗಳನ್ನೂ ಪುರಂದರದಾಸರ ಹೆಸರಿಗೆ ಹೇಳುವುದು ಪರಂಪರೆ. ಅವರ ಹುಟ್ಟೂರು ಪುಣೆ ಹತ್ತಿರದ ಪುರಂದರಗಡವೋ ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಆರಗವೋ ಎಂಬ ಚರ್ಚೆಯಲ್ಲಿ ತಜ್ಞರ ಸಮಿತಿಯೊಂದು ಆರಗದ ಕಡೆಗೆ ವಾಲಿದ ಮೇಲಂತೂ ಶಿವಮೊಗ್ಗದವರು ಸರಳೆಯನ್ನು ಸ್ವಲ್ಪ ಹಕ್ಕಿನಿಂದಲೇ ಹಾಡಬಹುದು.

ಶ್ರುತಿಯ ಲೆಕ್ಕ ಮೊದಲೇ ಆಗಬೇಕು. ಗಂಡುದನಿ ಒಂದು ಮನೆಯ ಆಸುಪಾಸು, ಹೆಣ್ಣುದನಿ ಐದು ಮನೆಯ ಆಸುಪಾಸು. ಸರಳೆ ಒಂದೇ ಸ್ಥಾಯಿಯಲ್ಲಿ ಮುಗಿಯುವುದರಿಂದ ಐದು ಮನೆಗೆ ಶ್ರುತಿ ಇಟ್ಟು ಗಂಡಸರು ಕೆಳಸ್ಥಾಯಿ ಹಿಡಿದರೆ ನಡೆದೀತು. ಕೃತಿಗಳಲ್ಲಿ ಆಗದು, ಗಂಡಸರ ಗೋಷ್ಠಿ, ಹೆಂಗಸರ ಗೋಷ್ಠಿ ಬೇರೆ ಮಾಡಿ. ಮೃದಂಗದವರಿಗೆ ಫೋನಿನಲ್ಲೇ ಶ್ರುತಿ ಹೇಳಿ, ತಗ್ಗು ಶ್ರುತಿಯದೊಂದು, ಹೆಚ್ಚು ಶ್ರುತಿಯದೊಂದು ಮೃದಂಗ ತರಲು ಕೇಳಿಕೊಳ್ಳಿ. ಘಟವನ್ನಂತೂ ವೇದಿಕೆ ಮೇಲೆ ಬಿಗಿ ಮಾಡಲಾಗುವುದಿಲ್ಲ. ಒಂದು ಶ್ರುತಿಯವರೆಲ್ಲ ಹಾಡಿ ಮುಗಿದ ಮೇಲೆ ಇನ್ನೊಂದಕ್ಕೆ ಹೋಗುವಂತೆ ಪಟ್ಟಿ ಮಾಡಿದರೆ ಅರ್ಧ ಗಂಟೆ ಉಳಿಯುತ್ತದೆ. ಸೇರಿದ ವರ್ಷದ ಕ್ರಮ ಆಯಾ ಶ್ರುತಿಯೊಳಗೆ.

ಕೊನೆಗೆ ಒಂದೂವರೆ ಗಂಟೆ, ಮೇಷ್ಟ್ರ ಹತ್ತಿರ ಹೆಚ್ಚು ಕಾಲ ಕಲಿತವರೊಬ್ಬರ ಪೂರ್ಣ ಕಛೇರಿ ಇರಲಿ. ಸಂಗೀತವನ್ನೇ ವೃತ್ತಿ ಮಾಡಿಕೊಂಡವರೇ ಆಗಬೇಕೆಂದಿಲ್ಲ.

ಮೈಕ್‌ನವರು ಆರ್ಕೆಸ್ಟ್ರಾಕ್ಕೆ ಒಗ್ಗಿದವರಾದರೆ ಎಕೋ ಹಾಕಿಬಿಡುತ್ತಾರೆ. ಬೇಡವೆಂದು ಮೊದಲೇ ಹೇಳಿ. ಛತ್ರದ ಬರಿಗೋಡೆಗಳು ತಾವೇ ಸಾಕಷ್ಟು ಮಾರ್ದನಿ ಕೊಡುತ್ತವೆ. ನೆಲಕ್ಕೆ ಜಮಖಾನ, ಹಿಂದಿನ ಗೋಡೆಗೆ ದಪ್ಪ ಪರದೆ ಇದ್ದರೆ ಪಿಟೀಲು ಕೇಳುವ ಹಾಗಾಗುತ್ತದೆ. ವೇದಿಕೆಯಲ್ಲಿ ಹಾಡುವವರ ಕಡೆಗೊಂದು ಮಾನಿಟರ್ ಸ್ಪೀಕರ್ ಬೇಕೇ ಬೇಕು. ಕರೆಂಟಿನ ಭರವಸೆಯಿಲ್ಲದ ಕಡೆ ಜನರೇಟರನ್ನು ದೂರ ನಿಲ್ಲಿಸಿ.

ಭಾಷಣದ ಬಗ್ಗೆ ನಾನು ನಿರ್ದಯಿ. ಎಲ್ಲ ಸೇರಿ ಇಪ್ಪತ್ತು ನಿಮಿಷ, ಅದೂ ಮೇಷ್ಟ್ರ ಜತೆ ಒಡನಾಡಿದವರದ್ದು. ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಹಾರ-ತುರಾಯಿ, ಸ್ಮರಣಿಕೆ ಎಂದು ಹೊರಟರೆ ಹಾಡುವ ಹೊತ್ತಿಗೆ ಮಕ್ಕಳು ನಿದ್ದೆ ಹೋಗಿರುತ್ತವೆ. ಎಲ್ಲರ ಮುಖ ಹಾಕಿ ಮೇಷ್ಟ್ರ ಫೋಟೊ ಅಂಚೆಚೀಟಿಯಷ್ಟಾದ ಫ್ಲೆಕ್ಸ್‌ಗಳನ್ನು ನಮ್ಮೂರ ಸರ್ಕಲ್‌ಗಳಲ್ಲಿ ಬೇಕಾದಷ್ಟು ನೋಡಿದ್ದೇವೆ. ಮಾತು ಬೇಕೇ ಬೇಕೆಂದರೆ ಮತ್ತೂರು-ಹೊಸಹಳ್ಳಿ ಹತ್ತಿರದಲ್ಲೇ ಇವೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ತಂದುಕೊಟ್ಟ ಗಮಕ ನಮ್ಮ ಜಿಲ್ಲೆಯ ಹೆಮ್ಮೆ. ಕಾಲು ಗಂಟೆಯ ಗಮಕ ವಾಚನ ಹತ್ತು ಭಾಷಣಕ್ಕಿಂತ ವಾಸಿ.

ಹಕ್ಕು, ಹಣ

ಕೃತಿಸ್ವಾಮ್ಯದ ಅವಧಿ ನಮ್ಮಲ್ಲಿ ರಚನಕಾರರು ತೀರಿಕೊಂಡ ನಂತರ 60 ವರ್ಷ. ದಾಸರ ಪದಗಳಿಗೂ ತ್ರಿಮೂರ್ತಿಗಳ ಕೃತಿಗಳಿಗೂ ಯಾರ ಅಪ್ಪಣೆಯೂ ಬೇಡ. 1961ರಲ್ಲಿ ತೀರಿಕೊಂಡ ಮೈಸೂರು ವಾಸುದೇವಾಚಾರ್ಯರ ಕೃತಿಗಳೂ 2022ರಿಂದ ಮುಕ್ತ. ಭಾವಗೀತೆಗಳ ಕಥೆ ಬೇರೆ. ಬೇಂದ್ರೆಯವರದ್ದು 2041ರ ಕೊನೆಯವರೆಗೆ, ಕುವೆಂಪು ಅವರದ್ದು 2054ರ ಕೊನೆಯವರೆಗೆ ಹಕ್ಕಿನಲ್ಲಿರುತ್ತವೆ. ರಾಗ ಹಾಕಿದವರ ಹಕ್ಕು ಪ್ರತ್ಯೇಕ. ಶಿವಮೊಗ್ಗ ಸುಬ್ಬಣ್ಣನವರ ಊರಿನಲ್ಲಿ ಸುಗಮ ಸಂಗೀತವಿಲ್ಲದ ಕಾರ್ಯಕ್ರಮ ಯಾರಿಗೂ ರುಚಿಸದು, ಹಾಡಲೇಬೇಕು. ಟಿಕೆಟ್ ಇಲ್ಲದೆ ಹವ್ಯಾಸಿಗಳ ಸಂಘ ನಡೆಸುವ ಪ್ರದರ್ಶನಕ್ಕೆ 1957ರ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಟಿಕೆಟ್ ಇಟ್ಟರೆ ಹಕ್ಕುದಾರರನ್ನೋ ಅವರ ಪರವಾಗಿ ಪರವಾನಗಿ ಕೊಡುವ ಐಪಿಆರ್‌ಎಸ್ ಸಂಸ್ಥೆಯನ್ನೋ ಕೇಳಬೇಕಾಗುತ್ತದೆ. ಸಭಾಂಗಣದ ವಿನಾಯಿತಿ ಯೂಟ್ಯೂಬಿಗೆ ಬರುವುದಿಲ್ಲ, ಅದನ್ನು ಮರೆಯಬೇಡಿ. ಇನ್ನು ವೇದಿಕೆಯಲ್ಲಿ ಹಾಡಿ-ನುಡಿಸುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ. ವಿಡಿಯೊ ತೆಗೆದು ಹಾಕುವುದಕ್ಕೆ ಪಕ್ಕವಾದ್ಯದವರೂ ಸೇರಿ ಎಲ್ಲರ ಸಹಿಯಿರುವ ಒಂದು ಹಾಳೆ ಇಟ್ಟುಕೊಳ್ಳಿ.

ಶಿಷ್ಯರು ಪುಕ್ಕಟೆ ಹಾಡಲಿ, ಅದು ಋಣ. ಪಿಟೀಲು, ಮೃದಂಗದವರಿಗೆ ಆ ಋಣವಿಲ್ಲ. ‘ಗುರುಗಳ ಕೆಲಸ, ದುಡ್ಡಿನ ಮಾತು ಬೇಡ’ ಎಂದು ಅವರ ಹತ್ತಿರ ಹೇಳುವುದು ನಾಚಿಕೆಗೇಡು. ಸಂಭಾವನೆ ಎಷ್ಟೆಂದು ಕರೆಯುವಾಗಲೇ ಹೇಳಿ, ರಾತ್ರಿ ರೈಲು ಹತ್ತುವ ಮೊದಲೇ ತಾಂಬೂಲದ ಜತೆ ಕೊಟ್ಟುಬಿಡಿ.

ವಸೂಲಿಯ ಹಣ ಒಬ್ಬರ ಸ್ವಂತ ಖಾತೆಗೆ ಹೋಗುವುದು ಬೇಡ. ನೋಂದಾಯಿತ ಸಂಘವೊಂದರ ಆಶ್ರಯ ಸಿಗುವುದಾದರೆ ಒಂದು ದಿನದ ಕಾರ್ಯಕ್ರಮಕ್ಕೆ ಅದೇ ಸಾಕು. ಪ್ರತಿವರ್ಷ ನಡೆಸುವ ಮನಸ್ಸಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನಿಮ್ಮದೇ ಸಂಘ ಮಾಡಿಕೊಳ್ಳಬಹುದು. ಕನಿಷ್ಠ ಏಳು ಜನ ಸದಸ್ಯರು ಬೇಕು. ಹೊರದೇಶದ ಶಿಷ್ಯರ ಹಣದಲ್ಲಿ ಒಂದು ತೊಡಕಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿ ದುಡಿಯುವವರು ತಮ್ಮ ಉಳಿತಾಯದಿಂದ ಕೊಡಬಹುದು. ಅಲ್ಲಿನ ಪೌರತ್ವ ಪಡೆದವರದ್ದು, ಓಸಿಐ ಕಾರ್ಡ್ ಇದ್ದರೂ, ಕಾನೂನಿನ ಕಣ್ಣಿಗೆ ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ನೋಂದಣಿಯಿಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ಅವರಿಂದ ಹಣದ ಬದಲು ಹಳೇ ಕ್ಯಾಸೆಟ್ ಕೇಳಿ.

ಹಣ ಮಿಕ್ಕರೆ ಮೊದಲು ಮನೆಯ ಸ್ಥಿತಿ ನೋಡಿ. ಪಿಂಚಣಿಯಿಲ್ಲದ ವೃತ್ತಿ ಅದು. ಮೇಷ್ಟ್ರು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾವಿದರ ಮಾಸಾಶನ ಪಡೆಯುತ್ತಿದ್ದರೆ, ಅವರ ಪತ್ನಿಗೆ ಅದು ಮುಂದುವರಿಯುವ ಬಗ್ಗೆ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಹಾಕಿಸಿಕೊಡುವುದು ಫೋಟೊಗೆ ಹಾಕುವ ಹಾರಕ್ಕಿಂತ ದೊಡ್ಡ ಉಪಕಾರ. ದತ್ತಿನಿಧಿ ಇಡುವ ಯೋಚನೆಯಿದ್ದರೆ ಲೆಕ್ಕ ಹಾಕಿನೋಡಿ: ಒಂದು ಲಕ್ಷಕ್ಕೆ ಶೇ 7 ಬಡ್ಡಿ ಎಂದರೂ ವರ್ಷಕ್ಕೆ ₹7,000. ಅದರಲ್ಲಿ ಕಛೇರಿ ಆಗದು. ಜೂನಿಯರ್ ಪರೀಕ್ಷೆಗೆ ಕೂರುವ ಒಂದಿಬ್ಬರು ಮಕ್ಕಳ ಶುಲ್ಕ, ಪುಸ್ತಕ, ಒಂದು ಶ್ರುತಿಪೆಟ್ಟಿಗೆ ಆಗುತ್ತದೆ.

ಎರಡನೇ ವರ್ಷ ಜನ ಅರ್ಧಕ್ಕರ್ಧ ಇಳಿಯುತ್ತಾರೆ. ಅದನ್ನು ಸೋಲೆಂದುಕೊಂಡು ಮೂರನೇ ವರ್ಷಕ್ಕೆ ದೊಡ್ಡ ಹೆಸರನ್ನು ಹುಡುಕಲು ಹೊರಡಬೇಡಿ. ಛತ್ರ ಬಿಟ್ಟು ಯಾರಾದರೂ ಶಿಷ್ಯರ ಮನೆಯ ಮಹಡಿಗೆ ಬನ್ನಿ. ಮೈಕ್ ಬೇಡ, ಅನುಮತಿಯೂ ಬೇಡ, ಉಪ್ಪಿಟ್ಟು-ಕೇಸರಿಬಾತಿನ ಖರ್ಚಷ್ಟೆ. ಮೊದಲ ವರ್ಷ ಸಿಕ್ಕಿದ ನೋಟ್‌ಬುಕ್ಕಿನಲ್ಲಿ ಯಾರೂ ಹಾಡದೆ ಬಿಟ್ಟ ಪುಟಗಳು ಇದ್ದೇ ಇರುತ್ತವೆ. ವರ್ಷಕ್ಕೆರಡು ಪುಟದಂತೆ ಕಲಿತು ಬಂದು ಹಾಡಿ.